ವಿನೋದ್ ದುವಾ ಅವರ ನಂತರ, ಆ ಬಗೆಯಲ್ಲಿ ಪ್ರಶ್ನೆ ಕೇಳುವವರು ಯಾರಿದ್ದಾರೆ?

ತುಂಗಾತೀರ, ಶಿವಮೊಗ್ಗ

ಹಿರಿಯ ಟಿವಿ ಪತ್ರಕರ್ತ ವಿನೋದ್ ದುವಾ 2021ರ ಡಿಸೆಂಬರ್ 4ರಂದು ದೆಹಲಿಯಲ್ಲಿ ನಿಧನರಾದರು. ಅವರಿಗೆ 67 ವರ್ಷವಾಗಿತ್ತು. ಕೋವಿಡ್‌ನ ಎರಡನೇ ಅಲೆಯಲ್ಲಿ ದಂಪತಿಗಳಿಬ್ಬರೂ ಆಸ್ಪತ್ರೆ ಸೇರಿದ್ದರು. ಜೂನ್ ತಿಂಗಳಲ್ಲಿ ಪತ್ನಿ ಪದ್ಮಾವತಿ ತೀರಿಕೊಂಡರು, ದುವಾ ಅವರ ಆರೋಗ್ಯವೂ ಆಮೇಲೆ ಮೊದಲಿನಂತಾಗಲಿಲ್ಲ.

ಹಿಂದಿಯ ಪತ್ರಕರ್ತರೊಬ್ಬರಿಗಾಗಿ ಮಲೆನಾಡಿನವರು ಏಕೆ ಮನಸ್ಸು ಕೆಡಿಸಿಕೊಳ್ಳಬೇಕು ಎಂದು ಕಿರಿಯರು ಕೇಳಬಹುದು. ದೂರದರ್ಶನವೊಂದೇ ಇದ್ದ ಕಾಲದಲ್ಲಿ, ಗುಡ್ಡದ ಮರೆಯ ಊರುಗಳಲ್ಲಿ ಒಬ್ಬರು ಮಾಡು ಹತ್ತಿ ಆಂಟೆನಾ ತಿರುಗಿಸುತ್ತ, ಇನ್ನೊಬ್ಬರು ಒಳಗಿನಿಂದ ‘ಬಂತು, ಅಲ್ಲೇ ಬಿಡು’ ಎಂದು ಕೂಗುತ್ತ ಚಿತ್ರ ಹಿಡಿದುಕೊಂಡವರಿಗೆ ಅವರು ಮನೆಗೆ ಬಂದು ಹೋಗುವ ನೆಂಟರಷ್ಟೇ ಪರಿಚಿತರಾಗಿದ್ದರು. 1984ರಿಂದ ಆರಂಭಿಸಿ ಹಲವು ಚುನಾವಣೆಗಳ ಮತ ಎಣಿಕೆಯಲ್ಲಿ ಪ್ರಣಯ್ ರಾಯ್ ಇಂಗ್ಲಿಷಿನಲ್ಲಿ ಅಂಕಿಗಳನ್ನು ಬಿಡಿಸಿಟ್ಟ ಮರುಕ್ಷಣವೇ ದುವಾ ಅದನ್ನು ತಡವರಿಸದೆ ಹಿಂದಿಯಲ್ಲಿ ಹೇಳುತ್ತಿದ್ದರು. ಹಿಂದಿ ಪ್ರಚಾರ ಸಭೆಯ ಪರೀಕ್ಷೆ ಕಟ್ಟಿ ಕಲಿತಷ್ಟೇ ಹಿಂದಿ ಇದ್ದ ನಮ್ಮಂಥವರಿಗೂ ಅದು ತಿಳಿಯುತ್ತಿತ್ತು. ಅವರು ಧ್ವನಿ ಏರಿಸಿದ್ದನ್ನು ನಾನು ಕಂಡಿಲ್ಲ. ವ್ಯಂಗ್ಯವಾಡುವಾಗ ಮಾತ್ರ ಹುಬ್ಬು ತುಸು ಮೇಲೇರುತ್ತಿತ್ತು.

ಅವರ ಜಾಗಕ್ಕೆ ಯಾರು ಬರಬಲ್ಲರು ಎಂಬುದು ನನ್ನ ಪ್ರಶ್ನೆ. ಹಿಂದಿಯಲ್ಲಿ ಮಾತ್ರವಲ್ಲ, ಕನ್ನಡದಲ್ಲಿಯೂ ಅಂಥವರು ಇದ್ದಾರೆಯೇ ಎಂದು ಕೇಳುತ್ತಿದ್ದೇನೆ. ತಮಗೆ ಮೆಚ್ಚಿಗೆಯಾದ ನಿರೂಪಕರ ಹೆಸರನ್ನಷ್ಟೇ ಬರೆದು ಹೋಗದೆ, ದುವಾ ಮಾಡಿದ ಕೆಲಸಗಳಲ್ಲಿ ಯಾವುದನ್ನು ಅವರು ಮುಂದುವರಿಸುತ್ತಿದ್ದಾರೆ ಎಂಬುದನ್ನೂ ಹೇಳಿದರೆ ಚರ್ಚೆಗೆ ಉಪಯೋಗವಾಗುತ್ತದೆ.

ಇಕ್ಕೇರಿ ದಾರಿ, ಸಾಗರ

ಮಾನ್ಯರೇ, ಚುನಾವಣಾ ವಿಶ್ಲೇಷಣೆಯನ್ನು ಎಲ್ಲರೂ ನೆನೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೆಲಸ 1985ರ ‘ಜನವಾಣಿ’. ಸಾಮಾನ್ಯ ಜನರು ಕೇಂದ್ರದ ಮಂತ್ರಿಗಳ ಎದುರು ಕುಳಿತು ನೇರವಾಗಿ ಪ್ರಶ್ನೆ ಕೇಳುವ ಆ ಕಾರ್ಯಕ್ರಮ ನಡೆದದ್ದು ಸರ್ಕಾರದ್ದೇ ಆದ ದೂರದರ್ಶನದಲ್ಲಿ ಎಂಬುದನ್ನು ಮರೆಯಬಾರದು. ಮಂತ್ರಿ ಎಂದರೆ ಶಂಕುಸ್ಥಾಪನೆಗೆ ಬಂದು ಹಾರ ಹಾಕಿಸಿಕೊಂಡು ಹೋಗುವವರು ಎಂದಷ್ಟೇ ತಿಳಿದಿದ್ದ ಜನರಿಗೆ, ಅವರು ಉತ್ತರ ಹುಡುಕುತ್ತ ತಡವರಿಸುವುದೂ ಒಂದು ದೃಶ್ಯ ಎಂದು ಮೊದಲು ಗೊತ್ತಾದದ್ದು ಅಲ್ಲಿ. ದುವಾ ಆ ಕಾರ್ಯಕ್ರಮದಲ್ಲಿ ಬಹಳ ಮಾತನಾಡುತ್ತಿರಲಿಲ್ಲ. ಮಂತ್ರಿಗಳು ಪ್ರಶ್ನೆಯ ಬದಿಯಿಂದ ಜಾರಿಕೊಂಡಾಗ ಮಾತ್ರ ಅವರನ್ನು ಮರಳಿ ಪ್ರಶ್ನೆಯ ಮುಂದೆ ತಂದು ನಿಲ್ಲಿಸುತ್ತಿದ್ದರು.

ನಮ್ಮ ತಾಲ್ಲೂಕಿನವರಿಗೆ ಇದರ ಬೆಲೆ ತಿಳಿಯಬೇಕು. 1951ರಲ್ಲಿ ಕಾಗೋಡಿನ ಗೇಣಿದಾರರು ಭೂಮಾಲೀಕರನ್ನು ಎದುರಿಸಿ ನಿಂತ ಸೀಮೆ ಇದು. ಶಾಂತವೇರಿ ಗೋಪಾಲಗೌಡರು ವಿಧಾನಸಭೆಯಲ್ಲಿ ಆಡಿದ ಮಾತುಗಳನ್ನು ಬಸ್ ನಿಲ್ದಾಣದಲ್ಲಿ ನಿಂತು ಚರ್ಚಿಸುತ್ತಿದ್ದ ಹಿರಿಯರ ನಡುವೆ ನಾವು ಬೆಳೆದೆವು. ಅಧಿಕಾರದಲ್ಲಿರುವವರನ್ನು ಎದುರಿಗೆ ಕೂರಿಸಿ ಕೇಳುವುದು ನಮಗೆ ಹೊಸದಾಗಿರಲಿಲ್ಲ. ಅದು ಟಿವಿಯಲ್ಲಿ ಸಾಧ್ಯ ಎಂಬುದು ಹೊಸದಾಗಿತ್ತು.

ಇನ್ನು ಉತ್ತರಾಧಿಕಾರಿಯ ವಿಷಯ. ಹಿಂದಿಯಲ್ಲಿ ಒಂದೇ ಹೆಸರು ಹೇಳಬೇಕಾದರೆ ರವೀಶ್ ಕುಮಾರ್ ಎನ್ನುತ್ತೇನೆ. 2019ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಅದಕ್ಕೆ ಕಾರಣವಲ್ಲ. ಕೆಲಸ ಸಿಗದ ಹುಡುಗರು, ಪರೀಕ್ಷೆ ಬರೆದು ವರ್ಷಗಟ್ಟಲೆ ಫಲಿತಾಂಶಕ್ಕೆ ಕಾದವರು ಬರೆದ ಪತ್ರಗಳನ್ನೇ ಅವರು ಸುದ್ದಿಯಾಗಿ ಓದುತ್ತಾರೆ, ಅದಕ್ಕಾಗಿ. ಆದರೆ ಅವರು ಬಹುಪಾಲು ಒಬ್ಬರೇ ಮಾತನಾಡುತ್ತಾರೆ. ಉತ್ತರ ಕೊಡಬೇಕಾದವರು ಅವರ ಎದುರಿಗೆ ಬಂದು ಕೂರುವುದು ಅಪರೂಪವಾಗಿದೆ. ಹೀಗಾಗಿ ‘ಜನವಾಣಿ’ಯ ಅರ್ಧ ಭಾಗ ಮಾತ್ರ ಅವರ ಕೈಯಲ್ಲಿ ಉಳಿದಿದೆ. ಕನ್ನಡದಲ್ಲಿ ಕೇಳಿದರೆ ಹೆಚ್ಚಿನವರು ಎಚ್.ಆರ್. ರಂಗನಾಥ್ ಅವರ ಹೆಸರು ಹೇಳುತ್ತಾರೆ. ಪತ್ರಿಕೆಯಿಂದ ಬಂದು 2012ರಲ್ಲಿ ತಮ್ಮದೇ ವಾಹಿನಿ ಕಟ್ಟಿದ ಅವರ ಅನುಭವವನ್ನು ಅಲ್ಲಗಳೆಯುವಂತಿಲ್ಲ, ಆದರೆ ನೋಡುಗರಿಗೆ ಬುದ್ಧಿ ಹೇಳುವ ಶೈಲಿ ಬೇರೆ, ನೋಡುಗರ ಪರವಾಗಿ ಕೇಳುವ ಶೈಲಿ ಬೇರೆ. ನನಗೆ ಎರಡನೆಯದು ಬೇಕಾಗಿದೆ.

ಹಳೇ ಸೇತುವೆ, ಭದ್ರಾವತಿ

ಗೌರವ ಇಟ್ಟುಕೊಂಡೇ ಒಂದು ಭಿನ್ನ ಮಾತು ಹೇಳುತ್ತೇನೆ. ಇಡೀ ದೇಶಕ್ಕೆ ಒಂದೇ ವಾಹಿನಿ ಇದ್ದಾಗ ಅದರಲ್ಲಿ ಕಾಣಿಸಿಕೊಂಡ ಪ್ರತಿಯೊಬ್ಬರೂ ಎಲ್ಲರ ಮನೆಯವರಾದರು. ಅದರಲ್ಲಿ ಅವರ ಪ್ರತಿಭೆ ಎಷ್ಟು, ನಮಗೆ ಬೇರೆ ಆಯ್ಕೆಯೇ ಇಲ್ಲದಿದ್ದುದು ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಇವತ್ತಿನ ಒಬ್ಬ ಯುವ ಪತ್ರಕರ್ತೆ ದುವಾ ಅವರಿಗಿಂತ ಚೆನ್ನಾಗಿ ಪ್ರಶ್ನೆ ಕೇಳಿದರೂ ನೂರಾರು ವಾಹಿನಿಗಳ ನಡುವೆ ಅವರನ್ನು ನಾವು ನೋಡಿಯೇ ಇರುವುದಿಲ್ಲ. ಹೀಗಿರುವಾಗ ‘ಅಂಥವರು ಈಗ ಇಲ್ಲ’ ಎಂದು ಹೇಳುವ ಮೊದಲು ನಾವು ಎಷ್ಟು ಹುಡುಕಿದ್ದೇವೆ ಎಂದು ಕೇಳಿಕೊಳ್ಳಬೇಕು.

ಇನ್ನೊಂದು ಸಂಗತಿಯನ್ನು ಸಂತಾಪದ ಸಂದರ್ಭದಲ್ಲಿ ಹೇಳುವುದು ಕೆಲವರಿಗೆ ಸರಿಕಾಣದು, ಆದರೂ ಹೇಳದೆ ಬಿಡಲಾರೆ. 2018ರಲ್ಲಿ ಚಿತ್ರನಿರ್ದೇಶಕಿಯೊಬ್ಬರು ದುವಾ ಅವರ ಮೇಲೆ ಲೈಂಗಿಕ ಕಿರುಕುಳದ ಆರೋಪವನ್ನು ಬಹಿರಂಗವಾಗಿ ಮಾಡಿದ್ದರು, ಅವರು ಅದನ್ನು ನಿರಾಕರಿಸಿದ್ದರು. ಎಲ್ಲರನ್ನೂ ಪ್ರಶ್ನಿಸಿದವರ ಬಗ್ಗೆ ಬರೆಯುವಾಗ ಅವರ ಮೇಲೆ ಬಂದ ಪ್ರಶ್ನೆಯನ್ನೂ ದಾಖಲಿಸುವುದು ಅವರ ವೃತ್ತಿಗೆ ತಕ್ಕ ನಡವಳಿಕೆ ಎಂದು ನಾನು ಭಾವಿಸುತ್ತೇನೆ.

ಮಂಡಗದ್ದೆಯ ಹಕ್ಕಿ, ಸದ್ಯ ನ್ಯೂಜೆರ್ಸಿ

ಊರು ತೀರ್ಥಹಳ್ಳಿ ತಾಲ್ಲೂಕು, ಇಲ್ಲಿಗೆ ಬಂದು ಬಹಳ ಕಾಲವಾಯಿತು. ಇದೇ ಬಗೆಯ ಶೋಕವನ್ನೂ ಇದೇ ಪ್ರಶ್ನೆಯನ್ನೂ ನಾನು ಇಲ್ಲಿ 2008ರ ಜೂನ್‌ನಲ್ಲಿ ಕಂಡಿದ್ದೇನೆ. ಅಮೆರಿಕದ ಎನ್‌ಬಿಸಿ ವಾಹಿನಿಯ ಸಂದರ್ಶನ ಕಾರ್ಯಕ್ರಮ ‘ಮೀಟ್ ದ ಪ್ರೆಸ್’ ನಡೆಸುತ್ತಿದ್ದ ಟಿಮ್ ರಸರ್ಟ್ ತಮ್ಮ 58ನೇ ವಯಸ್ಸಿನಲ್ಲಿ, ವಾಷಿಂಗ್ಟನ್‌ನ ಕಚೇರಿಯಲ್ಲಿ ಕೆಲಸದಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಅಧ್ಯಕ್ಷೀಯ ಚುನಾವಣೆಯ ವರ್ಷವದು. ರಾಜಕಾರಣಿ ಹಿಂದೊಮ್ಮೆ ಆಡಿದ ಮಾತನ್ನು ತೆರೆಯ ಮೇಲೆ ಹಾಕಿ, ಓದಿ, ಈಗ ಏನು ಹೇಳುತ್ತೀರಿ ಎಂದು ಕೇಳುವುದು ಅವರ ಪದ್ಧತಿ. ಅದಕ್ಕೆ ವಾರವಿಡೀ ಕಡತ ಓದುವ ಸಿದ್ಧತೆ ಬೇಕು, ಗಂಟಲು ಬೇಡ.

ಯಾರು ಆ ಜಾಗಕ್ಕೆ ಬರಬೇಕೆಂದು ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಊಹೆಗಳು ನಡೆದವು. ಮೊದಲು ನಿವೃತ್ತರಾಗಿದ್ದ ಹಿರಿಯ ನಿರೂಪಕ ಟಾಮ್ ಬ್ರೋಕಾ ಆ ವರ್ಷದ ಕೊನೆಯವರೆಗೆ ಹಂಗಾಮಿಯಾಗಿ ನಡೆಸಿಕೊಟ್ಟರು, ಡಿಸೆಂಬರ್‌ನಲ್ಲಿ ಡೇವಿಡ್ ಗ್ರೆಗರಿ ಬಂದರು, 2014ರಲ್ಲಿ ಅವರೂ ಹೋಗಿ ಚಕ್ ಟಾಡ್ ಬಂದರು. ಇವರಲ್ಲಿ ಯಾರೂ ರಸರ್ಟ್ ಆಗಲಿಲ್ಲ ಎಂದು ಜನ ಇಂದಿಗೂ ಹೇಳುತ್ತಾರೆ. ಆದರೆ ಕಾರ್ಯಕ್ರಮ 1947ರಿಂದ ನಡೆಯುತ್ತಿದೆ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಬಂದು ಕೂರಬೇಕೆಂಬುದು ಇಲ್ಲಿನ ರಾಜಕಾರಣಿಗಳಿಗೆ ರೂಢಿಯಾಗಿಬಿಟ್ಟಿದೆ. ಅಂದರೆ ಕುರ್ಚಿ ಮನುಷ್ಯನಿಗಿಂತ ಹಳೆಯದು, ಅವನು ಹೋದರೂ ಉಳಿಯಿತು.

ದುವಾ ಅವರ ವಿಷಯದಲ್ಲಿ ಅಂಥ ಕುರ್ಚಿಯೇ ಇರಲಿಲ್ಲ ಎಂಬುದು ನನಗೆ ಕಾಣುವ ವ್ಯತ್ಯಾಸ. ದೂರದರ್ಶನದಲ್ಲಿ ‘ಜನವಾಣಿ’ ನಿಂತುಹೋಯಿತು. ತೊಂಬತ್ತರ ದಶಕದಲ್ಲಿ ತಮ್ಮದೇ ಸಂಸ್ಥೆಯಿಂದ ‘ಪರಖ್’ ಎಂಬ ವಾರದ ಸುದ್ದಿ ಕಾರ್ಯಕ್ರಮ ಮಾಡಿದರು, ಅದೂ ಮುಗಿಯಿತು. ಆಮೇಲೆ ಸಹಾರಾ, ಎನ್‌ಡಿಟಿವಿ ಇಂಡಿಯಾ, ಕೊನೆಗೆ ಯೂಟ್ಯೂಬ್. ಹೋದಲ್ಲೆಲ್ಲ ಕಾರ್ಯಕ್ರಮ ಅವರೊಂದಿಗೆ ಹುಟ್ಟಿತು, ಅವರೊಂದಿಗೆ ಮುಗಿಯಿತು. 1995ರಲ್ಲಿ ದೂರದರ್ಶನದ ಮೆಟ್ರೋ ವಾಹಿನಿಯಲ್ಲಿ ಇಪ್ಪತ್ತು ನಿಮಿಷದ ‘ಆಜ್ ತಕ್’ ಆರಂಭಿಸಿದ ಎಸ್.ಪಿ. ಸಿಂಗ್ 1997ರಲ್ಲಿ ತೀರಿಕೊಂಡಾಗ ಇದರ ತಿರುಗುಮುರುಗು ನಡೆಯಿತು. ಹೆಸರು ಉಳಿದು ಬೆಳೆದು, 2000ದ ಕೊನೆಯಲ್ಲಿ ಇಪ್ಪತ್ನಾಲ್ಕು ಗಂಟೆಯ ವಾಹಿನಿಯಾಯಿತು. ಅಳೆದು ತೂಗಿ ಇಪ್ಪತ್ತು ನಿಮಿಷದಲ್ಲಿ ದಿನವನ್ನು ಹೇಳಿ ಮುಗಿಸುವ ಅವರ ಶಿಸ್ತಿಗೆ ಇಪ್ಪತ್ನಾಲ್ಕು ಗಂಟೆಯಲ್ಲಿ ಜಾಗ ಎಲ್ಲಿಂದ ಬರಬೇಕು?

ಹೊಸನಗರ ಸೀಮೆ

ನಾನು ಕೆಲವು ವರ್ಷ ಒಂದು ಸುದ್ದಿ ವಾಹಿನಿಗೆ ತಾಲ್ಲೂಕಿನ ಸ್ಟ್ರಿಂಗರ್ ಆಗಿ, ಅಂದರೆ ಅರೆಕಾಲಿಕ ವರದಿಗಾರನಾಗಿ, ಕೆಲಸ ಮಾಡಿದವನು. ಬೆಂಗಳೂರು, ದೆಹಲಿ, ವಾಷಿಂಗ್ಟನ್ ಸ್ಟುಡಿಯೋಗಳ ಮಾತಾಯಿತು. ಅಲ್ಲಿಗೆ ಸುದ್ದಿ ಹೋಗುವ ದಾರಿಯ ಬಗ್ಗೆಯೂ ಸ್ವಲ್ಪ ಹೇಳಬೇಕು, ಏಕೆಂದರೆ ದುವಾ ಅಂಥವರು ಆಕಾಶದಿಂದ ಉದುರುವುದಿಲ್ಲ. ಅವರೂ 1974ರಲ್ಲಿ ಯುವಜನರ ಒಂದು ಸಣ್ಣ ಕಾರ್ಯಕ್ರಮದಿಂದ ಆರಂಭಿಸಿದವರು. ಮರುವರ್ಷ ಉಪಗ್ರಹದ ಮೂಲಕ ದೇಶದ 2,400 ಹಳ್ಳಿಗಳಿಗೆ ಟಿವಿ ತಲುಪಿಸಿದ ಸೈಟ್ ಪ್ರಯೋಗದಲ್ಲಿ ಹಳ್ಳಿಯ ಯುವಕರಿಗಾಗಿ ಕಾರ್ಯಕ್ರಮ ಮಾಡಿದರು. ನೋಡುವವರು ಯಾರು, ಅವರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಲೆಕ್ಕ ಹಾಕಿ ಮಾತನಾಡುವ ಅಭ್ಯಾಸ ಅವರಿಗೆ ಅಲ್ಲಿಂದ ಬಂದಿರಬೇಕು.

ನಮ್ಮ ಕಡೆಯ ಸ್ಥಿತಿ ಹೇಳುತ್ತೇನೆ. ತಾಲ್ಲೂಕಿನ ಸ್ಟ್ರಿಂಗರ್‌ಗೆ ಸಂಬಳವಿಲ್ಲ, ಪ್ರಸಾರವಾದ ಸುದ್ದಿಗೆ ಇಷ್ಟು ಎಂದು ಲೆಕ್ಕ. ಕ್ಯಾಮೆರಾ ಅವನದೇ, ಬೈಕೂ ಪೆಟ್ರೋಲೂ ಅವನದೇ. ವಾಹಿನಿಯದು ಎಂದರೆ ಮೈಕಿನ ಮೇಲಿನ ಲೋಗೋ ಮಾತ್ರ. ಹಬ್ಬಕ್ಕೂ ವಾರ್ಷಿಕೋತ್ಸವಕ್ಕೂ ಜಾಹೀರಾತು ತರಬೇಕೆಂಬ ಒತ್ತಾಯ ಬೇರೆ. ಜಾಹೀರಾತು ಕೊಡುವವರು ಯಾರು? ತಾಲ್ಲೂಕಿನ ಜನಪ್ರತಿನಿಧಿಗಳು, ಗುತ್ತಿಗೆದಾರರು, ಕ್ವಾರಿ ಮಾಲೀಕರು. ಬೆಳಿಗ್ಗೆ ಅವರ ಮನೆಯ ಜಗಲಿಯಲ್ಲಿ ಕುಳಿತು ಜಾಹೀರಾತು ಕೇಳಿ ಬಂದವನು ಸಂಜೆ ಅದೇ ಲೋಗೋ ಹಿಡಿದು ಅವರಿಗೆ ಯಾವ ಪ್ರಶ್ನೆ ಕೇಳಬಲ್ಲ?

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಬಳಿಯ ಹುಣಸೋಡಿನ ಕಲ್ಲುಕ್ವಾರಿಯ ಬಳಿ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತದ್ದು ನಮಗೆಲ್ಲ ನೆನಪಿದೆ. ಭೂಕಂಪವೆಂದು ತಿಳಿದು ಜನ ಮನೆಯಿಂದ ಹೊರಗೆ ಓಡಿ ಬಂದರು, ಪಕ್ಕದ ಜಿಲ್ಲೆಗಳಲ್ಲೂ ನೆಲ ನಡುಗಿತು. ಮರುದಿನದಿಂದ ಕ್ಯಾಮೆರಾಗಳು ಬಂದು ಸಾಲಾಗಿ ನಿಂತವು, ಬಿರುಕು ಬಿಟ್ಟ ಗೋಡೆಗಳು, ಒಡೆದ ಗಾಜುಗಳು ದಿನವಿಡೀ ತೆರೆಯ ಮೇಲೆ ಓಡಿದವು. ಅಷ್ಟು ಸ್ಫೋಟಕ ಯಾವ ದಾರಿಯಲ್ಲಿ, ಯಾವ ಪರವಾನಗಿಯಲ್ಲಿ ಅಲ್ಲಿಗೆ ಬಂತು, ತಪಾಸಣೆ ಮಾಡಬೇಕಾದ ಇಲಾಖೆಗಳು ಹಿಂದೆ ಎಂದು ಭೇಟಿ ಕೊಟ್ಟಿದ್ದವು ಎಂಬ ಪ್ರಶ್ನೆಗಳಿಗೆ ಬೇಕಾದದ್ದು ಕಡತ ಮತ್ತು ತಾಳ್ಮೆ. ವಾರ ಕಳೆಯುವುದರೊಳಗೆ ಬೇರೆ ಬ್ರೇಕಿಂಗ್ ಬಂತು.

ಮಂಗನ ಕಾಯಿಲೆಯ ಕಥೆಯೂ ಹೀಗೆಯೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ರೋಗ ಅದು. ಉಣುಗಿನಿಂದ ಹರಡುತ್ತದೆ ಎಂಬುದು ಮಲೆನಾಡಿನ ಮಕ್ಕಳಿಗೂ ಗೊತ್ತು. 2018-19ರ ಹಂಗಾಮಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ ಡೆಸ್ಕಿನವರು ನಮ್ಮಂಥವರಿಂದ ಕೇಳಿದ್ದು ಸತ್ತ ಮಂಗನ ದೃಶ್ಯ ಮತ್ತು ಅಳುವವರ ಬೈಟ್ (ಮಾತಿನ ತುಣುಕು). ಲಸಿಕೆ ಯಾವ ತಿಂಗಳಲ್ಲಿ ಬರಬೇಕಿತ್ತು, ಯಾವಾಗ ಬಂತು, ರಕ್ತದ ಮಾದರಿಯ ವರದಿ ಬರಲು ಎಷ್ಟು ದಿನವಾಗುತ್ತಿದೆ, ತೋಟಕ್ಕೂ ದರಕು (ಒಣ ಎಲೆ) ತರಲು ಕಾಡಿಗೂ ಹೋಗುವವರಿಗೆ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡಿಎಂಪಿ ಎಣ್ಣೆ ತಲುಪಿದೆಯೇ ಎಂಬುದನ್ನು ನಾನು ಬರೆದು ಕಳಿಸಿದೆ. ಅದು ಪ್ರಸಾರವಾಗಲಿಲ್ಲ, ಹಾಗಾಗಿ ಅದಕ್ಕೆ ದುಡ್ಡೂ ಬರಲಿಲ್ಲ.

ಆದ್ದರಿಂದ ದುವಾ ಅವರ ಉತ್ತರಾಧಿಕಾರಿ ಯಾರು ಎಂದು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ: ತಾಲ್ಲೂಕಿನಲ್ಲಿ ಪ್ರಶ್ನೆ ಕೇಳಿ ಕಲಿಯಬೇಕಾದವನು ಹೊಟ್ಟೆಪಾಡಿಗಾಗಿ ಪ್ರಶ್ನೆ ನುಂಗಿಕೊಂಡೇ ಹತ್ತು ವರ್ಷ ಕಳೆದರೆ, ಮುಂದೆ ಸ್ಟುಡಿಯೋದಲ್ಲಿ ಕೂರುವವರು ಎಲ್ಲಿ ತಯಾರಾಗುತ್ತಾರೆ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಧನ್ಯವಾದಗಳು. ಭದ್ರಾವತಿಯವರು ನೆನಪಿಸಿದ ಆರೋಪವನ್ನು ಬದಿಗಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಒಂದೇ ವಾಹಿನಿ ಇದ್ದುದರಿಂದ ಅವರು ದೊಡ್ಡವರಾದರು ಎಂಬ ವಾದ ಅವರ ಕೊನೆಯ ವರ್ಷಗಳಿಗೆ ಹೊಂದುವುದಿಲ್ಲ. ಹಿನ್ನೆಲೆಯಲ್ಲಿ ಅಬ್ಬರದ ಸಂಗೀತವಿಲ್ಲದೆ, ಯೂಟ್ಯೂಬ್‌ನಲ್ಲಿ ಒಂದು ಮೇಜಿನ ಮುಂದೆ ಕುಳಿತು ಮಾತನಾಡುತ್ತಿದ್ದ ಅವರನ್ನು ಹುಡುಕಿಕೊಂಡು ಹೋಗಿ ನೋಡಿದವರು ಆಯ್ಕೆ ಇಲ್ಲದೆ ನೋಡಿದವರಲ್ಲ. ಹಾಗೆ 2020ರ ಮಾರ್ಚ್ 30ರಂದು ಲಾಕ್‌ಡೌನ್ ಬಗ್ಗೆ ಆಡಿದ ಮಾತಿಗಾಗಿ ಹಿಮಾಚಲ ಪ್ರದೇಶದಲ್ಲಿ ಅವರ ಮೇಲೆ ದೇಶದ್ರೋಹದ ಪ್ರಕರಣ ದಾಖಲಾಯಿತು. 2021ರ ಜೂನ್ 3ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ಹಿಂಸೆಗೆ ಪ್ರಚೋದಿಸದ ಸರ್ಕಾರದ ಟೀಕೆ ದೇಶದ್ರೋಹವಲ್ಲ ಎಂದ 1962ರ ಕೇದಾರನಾಥ ಸಿಂಗ್ ಪ್ರಕರಣದ ತೀರ್ಪಿನ ರಕ್ಷಣೆ ಪ್ರತಿಯೊಬ್ಬ ಪತ್ರಕರ್ತರಿಗೂ ಇದೆ ಎಂದಿತು. ಹತ್ತು ವರ್ಷ ಅನುಭವವಿರುವ ಪತ್ರಕರ್ತರ ಮೇಲೆ ಎಫ್‌ಐಆರ್ ಹಾಕುವ ಮೊದಲು ಒಂದು ಸಮಿತಿ ಪರಿಶೀಲಿಸಬೇಕೆಂಬ ಅವರ ಇನ್ನೊಂದು ಕೋರಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ದೆಹಲಿಯಲ್ಲಿ ಹೆಸರು ಮಾಡಿದವರು ವಕೀಲರನ್ನಿಟ್ಟು ಸುಪ್ರೀಂ ಕೋರ್ಟ್‌ವರೆಗೆ ಹೋಗಬಲ್ಲರು. ಹೊಸನಗರದವರು ಬರೆದಂಥ ಸ್ಟ್ರಿಂಗರ್ ಆ ತೀರ್ಪಿನ ಪ್ರತಿಯನ್ನು ಹಿಡಿದು ಠಾಣೆಯ ಮುಂದೆ ನಿಂತರೆ ಎಷ್ಟು ನಡೆಯುತ್ತದೆ ಎಂಬ ಅನುಮಾನ ನನಗಿದೆ.

ಮಂಡಗದ್ದೆಯವರ ಕುರ್ಚಿಯ ಮಾತಿಗೆ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಹೊಳೆಯಿತು. ಕೊನಗವಳ್ಳಿಯ ಪಿ. ಲಂಕೇಶ್ 1980ರಲ್ಲಿ ಆರಂಭಿಸಿ ಜಾಹೀರಾತಿಲ್ಲದೆ ನಡೆಸಿದ ಪತ್ರಿಕೆಗೆ, 2000ದ ಜನವರಿಯಲ್ಲಿ ಅವರು ತೀರಿಕೊಂಡಾಗ, ಮುಂದೇನು ಎಂದು ಇದೇ ರೀತಿ ಎಲ್ಲರೂ ಕೇಳಿದ್ದರು. ದೆಹಲಿಯಲ್ಲಿ ಟಿವಿ ವಾಹಿನಿಯೊಂದರಲ್ಲಿದ್ದ, ಅಲ್ಲಿಯವರೆಗೆ ಇಂಗ್ಲಿಷಿನಲ್ಲೇ ಬರೆಯುತ್ತಿದ್ದ ಮಗಳು ಗೌರಿ ಬಂದು ಸಂಪಾದಕರಾದರು. ತಂದೆಯ ಗದ್ಯ ಅವರಿಗೆ ಇರಲಿಲ್ಲ, ಅದನ್ನು ಅವರು ಅನುಕರಿಸಲೂ ಹೋಗಲಿಲ್ಲ. 2005ರಲ್ಲಿ ಬೇರೆಯಾಗಿ ತಮ್ಮದೇ ಪತ್ರಿಕೆ ಮಾಡಿದರು. 2017ರ ಸೆಪ್ಟೆಂಬರ್ 5ರಂದು ಅವರ ಹತ್ಯೆಯಾಗುವವರೆಗೂ ಅದು ನಡೆಯಿತು. ಆರಂಭದ ವರ್ಷಗಳಲ್ಲಿ ‘ಅಪ್ಪನ ಹಾಗಿಲ್ಲ’ ಎಂದು ದೂರಿದವರಲ್ಲಿ ನನ್ನ ಬಳಗದವರೂ ಇದ್ದರು. ದುವಾ ಅವರ ಹಾಗೆ ಹುಬ್ಬೇರಿಸುವವರನ್ನು ಹುಡುಕಿದರೆ ನಮಗೆ ಒಬ್ಬ ಅನುಕರಣಕಾರ ಸಿಕ್ಕಾನು, ಅಷ್ಟೇ.

ಹೊಸನಗರದವರಲ್ಲಿ ಒಂದು ಪ್ರಶ್ನೆ. ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುವ ತಾಲ್ಲೂಕಿನ ಕೆಡಿಪಿ (ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲನೆ) ಸಭೆಯನ್ನು ಯಾರಾದರೂ ಮೊದಲಿನಿಂದ ಕೊನೆಯವರೆಗೆ ಕತ್ತರಿಸದೆ ಚಿತ್ರಿಸಿ ಯೂಟ್ಯೂಬ್‌ಗೆ ಹಾಕಲು ಸಾಧ್ಯವೇ? ಅಲ್ಲಿ ಅಧಿಕಾರಿಗಳು ಉತ್ತರ ಕೊಡಲೇಬೇಕಾಗುತ್ತದೆ.

ಹೊಸನಗರ ಸೀಮೆ

ಸಾಧ್ಯವಿದೆ, ಆದರೆ ನೀವು ಅಂದುಕೊಂಡಷ್ಟು ಸುಲಭವಿಲ್ಲ. ಸಾಮಾನ್ಯವಾಗಿ ಸ್ವಾಗತ ಭಾಷಣ ಮುಗಿದು ಶಾಸಕರು ಮಾತನಾಡುವವರೆಗೆ ಕ್ಯಾಮೆರಾ ಇರಲಿ ಎನ್ನುತ್ತಾರೆ. ಇಲಾಖಾವಾರು ಚರ್ಚೆ ಆರಂಭವಾದ ಮೇಲೆ ‘ನಿಮ್ಮ ಕೆಲಸ ಆಯ್ತಲ್ಲ’ ಎಂದು ಕಾಫಿ ಕೊಟ್ಟು ಕಳಿಸುತ್ತಾರೆ. ನಾವು ಎದ್ದು ಬಂದು ರೂಢಿಯಾಗಿದೆ, ಅದಕ್ಕೇ ಅವರಿಗೂ ಹೇಳಿ ರೂಢಿಯಾಗಿದೆ. ಏಳದೆ ಕುಳಿತರೆ ಏನು ಮಾಡುತ್ತಾರೆ ಎಂಬುದನ್ನು ನಮ್ಮ ತಾಲ್ಲೂಕಿನಲ್ಲಿ ಯಾರೂ ನೋಡಿದಂತಿಲ್ಲ. ಈಗ ನನಗೆ ಯಾವ ವಾಹಿನಿಯ ಲೋಗೋವೂ ಇಲ್ಲದಿರುವುದರಿಂದ ಮೊದಲು ತಾಲ್ಲೂಕು ಪಂಚಾಯಿತಿಗೆ ಬರವಣಿಗೆಯಲ್ಲಿ ಅನುಮತಿ ಕೇಳುತ್ತೇನೆ, ನಿರಾಕರಿಸಿದರೆ ಅದನ್ನೂ ಬರವಣಿಗೆಯಲ್ಲಿಯೇ ಕೊಡಿ ಎನ್ನುತ್ತೇನೆ. ಮುಂದಿನ ಸಭೆಯಲ್ಲಿ ಆರೋಗ್ಯ ಇಲಾಖೆಯ ಸರದಿ ಬಂದಾಗ ಮಂಗನ ಕಾಯಿಲೆ ತಡೆಯಲು ಏನು ಸಿದ್ಧತೆ ಇದೆ ಎಂದು ಕೇಳುವ ಸದಸ್ಯರೊಬ್ಬರು ಬೇಕು. ಸಾಗರದವರಿಗೆ ಇತ್ತಕಡೆ ಅಂಥವರ ಪರಿಚಯವಿದ್ದರೆ ತಿಳಿಸಿ. ಹಂಗಾಮು ಆಗಲೇ ಶುರುವಾಗಿದೆ.